ಲಾಭದಿಂದ ಎಣಿಸಿದ ಸ್ಪ್ಯಾನಿಶ್

ಸಂತೋಷವನ್ನು ಹೊಟ್ಟೆಯಲ್ಲಿಟ್ಟುಕೊಂಡು ಸುಮ್ಮನಿರುವವರು ದೊಡ್ಡ ಮನುಷ್ಯರು. ನನ್ನಿಂದ ಅದು ಆಗದು. ಇಂಡಿ ಬಸ್‌ಸ್ಟ್ಯಾಂಡಿನಲ್ಲಿ ಸಿಂದಗಿ ಬಸ್ಸಿಗೆ ಕಾಯುವ ಅಪರಿಚಿತರನ್ನೂ ಹಿಡಿದು ನಿಲ್ಲಿಸಿ ಹೇಳುತ್ತಿದ್ದೇನೆ: ನನ್ನ ಮೊಮ್ಮಗಳು ಪಲ್ಲವಿ ಸ್ಪ್ಯಾನಿಶ್ ಪಾಸಾದಳು, ಕಲಿಸಿದವನು ನಾನು! ನಾಲ್ಕನೇ ಇಯತ್ತೆಗೇ ಸಾಲಿ ಬಿಟ್ಟು ಲಿಂಬೆ ವ್ಯಾಪಾರಕ್ಕೆ ಕೂತ ನಾನು. ಒಬ್ಬಾತ, “ಅದನ್ನ ಎಲ್ಲಿ ಮಾತಾಡ್ತಾರ್ರಿ ಕಾಕಾ?” ಎಂದು ಕೇಳಿದ. “ನಮ್ಮ ಮನ್ಯಾಗ” ಎಂದೆ.

ಪಲ್ಲವಿ ನಮ್ಮಲ್ಲಿದ್ದುಕೊಂಡು ಫೋನಿನಲ್ಲೇ ಆ ಭಾಷೆ ಕಲಿಯುತ್ತಾಳೆ. ಕಳೆದ ಸಲ ಮಾತಿನ ಪರೀಕ್ಷೆಯಲ್ಲಿ ನಪಾಸಾದಾಗ, ಮುದ್ದೇಬಿಹಾಳದಲ್ಲಿರುವ ಅವಳಪ್ಪ, ಅಂದರೆ ನನ್ನ ಮಗ, ಫೋನ್ ಮಾಡಿ, “ಈ ಸಲಾನೂ ಹೋತಂದ್ರ ಸ್ಪ್ಯಾನಿಶ್ ಸಾಕವ್ವಾ, ಸುಮ್ನ ಬಿ.ಎಡ್. ಮಾಡು” ಎಂದುಬಿಟ್ಟಿದ್ದ. ಹುಡುಗಿಯನ್ನು ಕೆಡವಿದ್ದು ‘ವೊಲ್ವೆರ್’ ಎಂಬ ಒಂದು ಕ್ರಿಯಾಪದ. ಅಂದರೆ ತಿರುಗಿ ಬರುವುದು. ನಾನು, ನೀನು, ಅವನು ಎನ್ನುವಾಗ ಅದು ಹೊಟ್ಟೆ ತಿರುಚಿಕೊಂಡು ‘ವುಯೆಲ್’ ಎನ್ನುತ್ತದೆ. ‘ನಾವು’ ಎಂದ ಕೂಡಲೇ ಸೆಟೆದು ‘ವೊಲ್’ ಎನ್ನುತ್ತದೆ. ನನಗೇನೂ ಆಶ್ಚರ್ಯವಾಗಲಿಲ್ಲ. ನನ್ನ ತಮ್ಮಂದಿರೂ ಹಾಗೇ. ಒಬ್ಬೊಬ್ಬರಾಗಿ ಬಂದರೆ ಒಂದೊಂದು ಮುಖ, ಮದುವೆಯ ಫೋಟೊಕ್ಕೆ ಸಾಲಾಗಿ ನಿಂತರೆ ಎಲ್ಲರೂ ನಮ್ಮಪ್ಪನೇ.

“ಇಷ್ಟೇ ಆಗಿದ್ರ ಬ್ಯಾರೆ ಮಾತಿತ್ತಜ್ಜಾ,” ಎಂದಳು. “ವುಯೆಲ್ವೆ ಅಂದ್ರ ತಿರುಗಿ ಬರ್ತಾನ. ವುಯೆಲ್ವಾ ಅಂದ್ರ ತಿರುಗಿ ಬರ್ಲಿ. ಆ ‘ಬರ್ಲಿ’ ಅನ್ನೂದೇ ಬಾಯಾಗ ಬರವಲ್ದು.”

“ಹುಚ್ಚಿ, ಅದ್ರಾಗೇನೈತಿ? ನಾ ಜಲ್ಮಾ ಪೂರ್ತಿ ಅದನ್ನ ಅಂದೇನಿ. ಮಳಿ ಆಗ್ಲಿ, ದರಾ ಏರ್ಲಿ, ಗಿರಾಕಿ ತಿರುಗಿ ಬರ್ಲಿ!”

ಮಾಸ್ತರಿಕೆ ಶುರುವಾಯಿತು. ನನಗೆ ಗೊತ್ತಿರುವುದು ಲಿಂಬೆ ಎಣಿಸುವುದೊಂದೇ. ಬುಟ್ಟಿ ಮುಂದಿಟ್ಟುಕೊಂಡು, ಒಂದೊಂದು ಕಾಯಿಗೆ ಒಂದೊಂದು ರೂಪ ಹೇಳಿಸಿದೆ. ಎಣಿಕೆಯಲ್ಲಿ ನಾವು ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತೇವೆ. ಹಾಗಾಗಿ “ಲಾಭ, ವುಯೆಲ್ವೊ!” ಎಂದೇ ಶುರು. ಅಡುಗೆಮನೆಯಿಂದ ನನ್ನ ಹೆಂಡತಿ, “ಲಿಂಬಿ ಬಾಡಾಕತ್ತಾವು, ನಿಮ್ಮ ಭಾಷಾ ಮುಗಿಯೂದು ಯಾವಾಗ್ರಿ?” ಎಂದು ಕೂಗುತ್ತಿದ್ದಳು.

ಪರೀಕ್ಷೆಯ ದಿನ ಫೋನನ್ನು ಡಬ್ಬಿಗೆ ಒರಗಿಸಿ ಪಲ್ಲವಿ ಕೂತಳು. ನಾನು ಬಾಗಿಲ ಮರೆಯಲ್ಲಿ. ಫೋನಿನೊಳಗಿನ ಮೇಡಂ ಅದೇ ‘ವೊಲ್ವೆರ್’ ಕೇಳಿದರು. ಹುಡುಗಿ ಎದೆ ಸೆಟೆಸಿ, “ಲಾಭ! ವುಯೆಲ್ವೊ” ಎಂದಳು. ಮೇಡಂ ತಡೆದು ಏನೋ ಕೇಳಿದರು. ಲಾಭ ಕಲಿಸಿ ಕೆಡಿಸಿದೆನಲ್ಲಪ್ಪಾ ಎಂದುಕೊಂಡೆ. ಪಲ್ಲವಿ ಉದ್ದನೆಯದೇನೋ ಹೇಳಿದಳು. ನನಗೆ ತಿಳಿದದ್ದು ಕೊನೆಯ ಮಾತೊಂದೇ, ‘ವುಯೆಲ್ವಾ’. ಮೇಡಂ ಬಿದ್ದು ಬಿದ್ದು ನಕ್ಕರು, ಆಮೇಲೆ ಚಪ್ಪಾಳೆ ತಟ್ಟಿದರು!

ಆ ಮೊದಲ ಶಬ್ದ ಏನೆಂದು ಕೇಳಿದ್ದರಂತೆ. “ಗಿರಾಕಿ ತಿರುಗಿ ಬರಲಿ ಎಂದು ನಮ್ಮಜ್ಜ ಲಾಭದಿಂದ ಎಣಿಸುತ್ತಾನೆ” ಎಂದು ಇವಳು ಸ್ಪ್ಯಾನಿಶ್‌ನಲ್ಲೇ ಹೇಳಿದಳಂತೆ. ಮೇಡಂ ಮುಂದೆ ಕೇಳಬೇಕೆಂದಿದ್ದ ‘ಬರಲಿ’ಯನ್ನು ಕೇಳುವ ಮೊದಲೇ ಕೊಟ್ಟುಬಿಟ್ಟಿದ್ದಳು. ಸಂಜೆ ಫಲಿತಾಂಶ ಬಂತು, ಪಾಸು. ಮಗನಿಗೆ ನಾನೇ ಫೋನ್ ಹಚ್ಚಿದೆ. “ಆತು ಬಿಡಪ್ಪಾ, ಕಲೀಲಿ” ಎಂದ. ನೋಡಿ, ಅವನ ಬಾಯಲ್ಲೂ ಅದೇ ರೂಪ!

ಈ ಸಂಭ್ರಮದಲ್ಲೇ ಇವತ್ತು ಜೀರಿಗೆ ತರಲು ಹೋದವನು ಊರೆಲ್ಲ ಸುದ್ದಿ ಹಂಚಿ ಬರಿಗೈಯಲ್ಲಿ ಮನೆಗೆ ಬಂದೆ. ಹೆಂಡತಿ ನನ್ನ ಖಾಲಿ ಚೀಲ ನೋಡಿ, “ಮಾಸ್ತರು ತಿರುಗಿ ಬಂದ್ರು. ಇನ್ನ ಜೀರಗಿ ಬರ್ಲಿ” ಎಂದಳು. ಚೀಲ ಹಿಡಿದು ಮತ್ತೆ ಹೊರಟೆ. ಬಸ್‌ಸ್ಟ್ಯಾಂಡಿನ ದಾರಿ ಬೇಡವೇ ಬೇಡ ಎಂದುಕೊಂಡಿದ್ದೆ. ಆದರೆ ಬಸವನ ಬಾಗೇವಾಡಿ ಬಸ್ಸು ಇನ್ನೂ ಬಂದಿರಲಿಲ್ಲ. ಪಾಪ, ಅಷ್ಟೊಂದು ಜನ ಸುಮ್ಮನೆ ಕೂತಿದ್ದರು.