ಕ್ಷೇತ್ರ ನಿಯೋಜನೆಯ ವೇಳೆ ಕೇಸರಿಬಾತ್ ಸ್ವೀಕರಿಸುವ ಬಗ್ಗೆ

ಸಂಖ್ಯೆ: ಸಾಆ/ಕ್ಷೇನಿ/ಕೇಬಾ/07/2025-26

ವಿಷಯ: ಮನೆಮನೆ ಸಮೀಕ್ಷೆಗೆ ತೆರಳುವ ಸಾರ್ವಜನಿಕ ಆರೋಗ್ಯ ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ನಾಗರಿಕರು ವರರೆಂದು ಭಾವಿಸುವುದನ್ನು ತಡೆಗಟ್ಟುವ ಕುರಿತು.

ಉಲ್ಲೇಖ: 1. ಶುಭ್ರ ಉಡುಪು, ಮುಂಗಡ ದೂರವಾಣಿ ಕರೆ ಹಾಗೂ ಹಿರಿಯರ ಉಪಸ್ಥಿತಿಯನ್ನು ಕಡ್ಡಾಯಗೊಳಿಸಿದ ಇದೇ ಕಚೇರಿಯ ಸುತ್ತೋಲೆ.
2. ವಿದ್ಯಾರ್ಥಿ ಅಭಿನವ್ ಸಲ್ಲಿಸಿದ ವರದಿ ಮತ್ತು ಅದರ ಕೆಳಗೆ ಆತ ಪೆನ್ಸಿಲಿನಲ್ಲಿ ಬರೆದ ಒಂದು ಸಾಲು.

ಪೀಠಿಕೆ:

ಎರಡನೆಯ ಚಮಚ ಕೇಸರಿಬಾತ್ ಬಾಯಿಗೆ ಹೋಗುತ್ತಿದ್ದಾಗಲೇ, ರೇಷ್ಮೆ ಸೀರೆಯುಟ್ಟ ಯುವತಿಯೊಬ್ಬಳು ಕಾಫಿಯ ತಟ್ಟೆ ಹಿಡಿದು ಒಳಗಿನಿಂದ ನಡೆದು ಬಂದಿರುತ್ತಾಳೆ. ಅಭಿನವನ ಚಮಚ ಗಾಳಿಯಲ್ಲೇ ನಿಂತಿತೆಂದು ವರದಿಯಾಗಿದೆ. ಸದರಿಯವನು ಬಸವೇಶ್ವರನಗರದ ಒಂದು ಅಡ್ಡರಸ್ತೆಯಲ್ಲಿ ಸಕ್ಕರೆ ಕಾಯಿಲೆಯ ಸಮೀಕ್ಷೆಗೆ ನಿಯೋಜಿತನಾದ ಅಂತಿಮ ವರ್ಷದ ವಿದ್ಯಾರ್ಥಿಯೇ ಹೊರತು ಹೆಣ್ಣು ನೋಡಲು ಬಂದವನಲ್ಲ.

ಆದರೆ ನಮೂನೆಯಲ್ಲಿ ಕುಟುಂಬದ ಮುಖ್ಯಸ್ಥರೆಂದು ದಾಖಲಾದ ಮನೆಯ ಯಜಮಾನಿ, ನಿವೃತ್ತ ಶಿಕ್ಷಕಿ ಶ್ರೀಮತಿ ಪಂಕಜಾ ಅವರನ್ನು ದೂರುವಂತಿಲ್ಲ. ಕ್ಷೇತ್ರ ಮೇಲ್ವಿಚಾರಕ ಶ್ರೀ ನಾಣಿ ಅವರು ನಿಯಮಾನುಸಾರ ಹಿಂದಿನ ದಿನವೇ ಕರೆ ಮಾಡಿ, "ನಾಳೆ ಹನ್ನೊಂದಕ್ಕೆ ಹುಡುಗನ್ನ ಕರ್ಕೊಂಡು ಬರ್ತೀನಮ್ಮ, ರಾಹುಕಾಲ ಕಳೆದಿರತ್ತೆ" ಎಂದಿರುತ್ತಾರೆ. ನಿಯಮಾನುಸಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಹುಡುಗ, ಪಕ್ಕದಲ್ಲಿ ಪಂಚೆಯುಟ್ಟ ಹಿರಿಯರು. ಕೇಳಿದ್ದೆಲ್ಲ ನಮೂನೆಯಲ್ಲಿದ್ದ ಪ್ರಶ್ನೆಗಳೇ: ಮನೆ ಸ್ವಂತದ್ದೆ? ಮಕ್ಕಳೆಷ್ಟು? ಏನು ಓದಿದ್ದಾರೆ? ಸೋದರಸಂಬಂಧದಲ್ಲಿ ಮದುವೆಯಾದವರಿದ್ದಾರೆಯೆ? ವಂಶದಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ?

"ಶುಗರ್ರಾ? ನಮ್ಮ ವಂಶದಲ್ಲೇ ಇಲ್ಲಪ್ಪ. ನಮ್ಮತ್ತೆ ತೊಂಬತ್ತು ವರ್ಷ ಜಾಮೂನು ತಿನ್ಕೊಂಡೇ ಇದ್ರು" ಎಂದು ಪಂಕಜಾ ಉತ್ತರಿಸಿದ್ದು, ಅವರ ಪತಿ ಶ್ರೀ ಮಧ್ವೇಶ್ ಆ ಸಮಯದಲ್ಲಿ ಸಕ್ಕರೆಯಿಲ್ಲದ ಕಾಫಿ ಕುಡಿಯುತ್ತ ಕಿಟಕಿಯ ಕಡೆ ನೋಡುತ್ತಿದ್ದರು. ಕೇಸರಿಬಾತನ್ನು ಮನೆಯವರಾರೂ ಮುಟ್ಟಿರುವುದಿಲ್ಲ.

ಮಗಳು ರಾಗಿಣಿ ಗೇಟಿನವರೆಗೂ ಬಂದು ಅಭಿನವನಿಗೆ ಹೇಳಿದ್ದನ್ನು ಯಥಾವತ್ತಾಗಿ ದಾಖಲಿಸಲಾಗಿದೆ: "ನಂಗೆ ಆಗ್ಲೇ ಡೌಟ್ ಬಂತು ಕಣ್ರೀ. ಹೆಣ್ಣು ನೋಡಕ್ಕೆ ಬಂದೋರು ಯಾರಾದ್ರೂ ಸೊಂಟದಳತೆ ಕೇಳ್ತಾರಾ? ಅದೂ ಅಪ್ಪಂದು! ಇನ್ಸುಲಿನ್ನು ಫ್ರಿಜ್ಜಲ್ಲಿ ದೋಸೆಹಿಟ್ಟಿನ ಹಿಂದಿದೆ. ನಾನ್ ಹೇಳ್ದೆ ಅಂತ ಅಮ್ಮಂಗೆ ಹೇಳ್ಬೇಡಿ." ಕುಟುಂಬದ ಮುಖ್ಯಸ್ಥರಲ್ಲದವರ ಹೇಳಿಕೆ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ ಇದನ್ನು ಕಚೇರಿಯು ಕೇಳಿಸಿಕೊಂಡಿರುವುದಿಲ್ಲ.

ಅಷ್ಟರಲ್ಲಿ, ಹುಡುಗನ ಕಡೆಯವರು ನೆರೆಹೊರೆಯಲ್ಲೂ ವಿಚಾರಿಸುತ್ತಿದ್ದಾರೆಂಬ ಸುದ್ದಿ ರಸ್ತೆಯ ತುದಿಯನ್ನು ತಲುಪಿತ್ತು. ರಾಗಿಣಿಗೆ ಬಂದ ಸಂಬಂಧ ತಪ್ಪಿಹೋಗಬಾರದೆಂದು ಕೆಲವರು, ಈ ಹುಡುಗ ಅಲ್ಲಿ ಒಪ್ಪದಿದ್ದರೆ ತಮ್ಮ ಮನೆಗಾದರೂ ಬರಲೆಂದು ಉಳಿದವರು, ಇಡೀ ರಸ್ತೆಯೇ ತನ್ನಲ್ಲಿ ಯಾರಿಗೂ ಯಾವ ಕಾಯಿಲೆಯೂ ಇಲ್ಲವೆಂದು ಬರೆಸಿತು. ಈ ಸಾಧನೆಗಾಗಿ ಪ್ರತಿ ಮನೆಗೂ 'ಮಧುಮೇಹ ಮುಕ್ತ ಮನೆ' ಎಂಬ ಹಿತ್ತಾಳೆ ಫಲಕ ನೀಡಲು ಕಚೇರಿಯು ಹೆಮ್ಮೆಯಿಂದ ತೀರ್ಮಾನಿಸಿದೆ.

ಅಭಿನವ್ ಮಾತ್ರ ತನ್ನ ವರದಿಯ ಕೆಳಗೆ ಹೀಗೆ ಬರೆದಿರುತ್ತಾನೆ: "ಈ ರಸ್ತೆಯವರು ನನಗೆ ಸುಳ್ಳು ಹೇಳಿದ್ದಾರೆ. ಪ್ರೀತಿಯಿಂದ." ನಮೂನೆಯಲ್ಲಿ ಪ್ರೀತಿಗೆ ಅಂಕಣವಿಲ್ಲ. ಸಾಲನ್ನು ಅಳಿಸಲು ಕಚೇರಿ ವೆಚ್ಚದಲ್ಲಿ ರಬ್ಬರ್ ಒದಗಿಸಲಾಯಿತು. ಆತ ಅದನ್ನು ಎರಡು ಬಾರಿ ಕೈಗೆತ್ತಿಕೊಂಡು ಎರಡು ಬಾರಿಯೂ ಮೇಜಿನ ಮೇಲೇ ಇಟ್ಟನು. ಆದುದರಿಂದ ಆತನ ನಿಯೋಜನಾ ಪ್ರಮಾಣಪತ್ರವನ್ನು ತಡೆಹಿಡಿಯಲಾಗಿದೆ. ತಿಂಗಳ ಕೊನೆಯೊಳಗೆ ಅದು ಕಾಲೇಜಿಗೆ ತಲುಪದಿದ್ದರೆ ಆತನ ಒಂದು ವರ್ಷ ಹೋಗುತ್ತದೆ. ಈ ಕಾರಣಕ್ಕೆ ಆತನಿಗೆ ನಿದ್ದೆ ಬರುತ್ತಿಲ್ಲವೆಂಬುದು ಕಚೇರಿಯ ಗಮನಕ್ಕೆ ಬಂದಿಲ್ಲ.

ಮೇಲ್ಕಂಡ ಹಿನ್ನೆಲೆಯಲ್ಲಿ, ಸಂಬಂಧಪಟ್ಟ ಎಲ್ಲರೂ ಈ ಕೆಳಗಿನಂತೆ ನಡೆದುಕೊಳ್ಳತಕ್ಕದ್ದು:

1. ವಿದ್ಯಾರ್ಥಿಗಳು ಇನ್ನು ಮುಂದೆ ಇಸ್ತ್ರಿ ಮಾಡಿದ ಅಂಗಿ ತೊಡತಕ್ಕದ್ದಲ್ಲ. ಸುಕ್ಕುಗಳು ಮನೆಯ ಗೇಟಿನಿಂದಲೇ ಕಾಣುವಂತಿರಬೇಕು. ಆದರೆ ಇಲಾಖೆಯ ಘನತೆಗೆ ಕುಂದು ತರುವಷ್ಟಿರಬಾರದು.

2. ಜೊತೆಗೆ ಹೋಗುವ ಹಿರಿಯರು ಪಂಚೆ ಉಡುವುದು, ಸೋಫಾದಲ್ಲಿ ಒರಗುವುದು, "ಮೂಲ ಯಾವೂರಾಯ್ತು?" ಎಂದು ಕೇಳುವುದು ನಿಷಿದ್ಧ. ದೂರವಾಣಿಯಲ್ಲಿ 'ಹುಡುಗ' ಎನ್ನದೆ 'ದತ್ತಾಂಶ ಸಂಗ್ರಾಹಕ' ಎನ್ನತಕ್ಕದ್ದು.

3. ಉಪ್ಪಿಟ್ಟು ಮಾತ್ರ ಬಂದಲ್ಲಿ ಅದನ್ನು ಆತಿಥ್ಯವೆಂದು ಪರಿಗಣಿಸಿ ತಿನ್ನಬಹುದು. ಅದರ ಪಕ್ಕದಲ್ಲಿ ಕೇಸರಿಬಾತ್ ಕಂಡುಬಂದರೆ ಪ್ರಸ್ತಾಪವೆಂದು ಪರಿಗಣಿಸಿ, ಚಮಚ ಮುಟ್ಟದೆ, ಮೇಲಧಿಕಾರಿಗೆ ಛಾಯಾಚಿತ್ರ ಕಳುಹಿಸಿ ಆದೇಶಕ್ಕಾಗಿ ಕಾಯತಕ್ಕದ್ದು. ಕಾಯುವಾಗ ಅದು ತಣ್ಣಗಾದರೆ ಕಚೇರಿ ಜವಾಬ್ದಾರಿಯಲ್ಲ.

4. ಕಾಫಿ ತಟ್ಟೆ ಬಂದಾಗ ತಲೆ ಎತ್ತಿ ನೋಡತಕ್ಕದ್ದಲ್ಲ; ಒಪ್ಪಿದಂತಾಗುತ್ತದೆ. ತಲೆ ತಗ್ಗಿಸತಕ್ಕದ್ದೂ ಅಲ್ಲ, ನಾಚಿ ಒಪ್ಪಿದಂತಾಗುತ್ತದೆ. ಗೋಡೆಯ ಕ್ಯಾಲೆಂಡರ್ ನೋಡಿದರೆ ಮುಹೂರ್ತ ಹುಡುಕಿದಂತಾಗುವುದರಿಂದ, ಸ್ವಿಚ್‌ಬೋರ್ಡ್ ನೋಡತಕ್ಕದ್ದು.

5. ಗೋತ್ರ, ನಕ್ಷತ್ರ ಕೇಳಿದಲ್ಲಿ ನೋಂದಣಿ ಸಂಖ್ಯೆ ಹೇಳತಕ್ಕದ್ದು. ಸದರಿ ಸಂಖ್ಯೆಯು ಕೂಡಿಬರುತ್ತದೆಂದು ಮನೆಯವರು ಹೇಳಿದಲ್ಲಿ ತಕ್ಷಣ ಜಾಗ ಖಾಲಿ ಮಾಡತಕ್ಕದ್ದು.

6. ವಿವಾಹಿತ ವಿದ್ಯಾರ್ಥಿಗಳಿಗೆ ಆದ್ಯತೆ ನೀಡತಕ್ಕದ್ದು. ಕೊರತೆ ಬಿದ್ದಲ್ಲಿ ನಿಯೋಜನೆಯ ಅವಧಿಗೆ ಸೀಮಿತವಾಗಿ ವಿವಾಹವಾಗಲು ಅವಕಾಶವಿದೆಯೆ ಎಂಬ ಬಗ್ಗೆ ಕಾನೂನು ಶಾಖೆಯ ಅಭಿಪ್ರಾಯ ಕೋರಲಾಗಿದೆ.

7. ಫಲಕವನ್ನು ಗೇಟಿನ ಬಲಗಡೆ, ಮುಂದೆ ನಿಜವಾಗಿಯೂ ಬರಬಹುದಾದ ವರನ ಕಡೆಯವರಿಗೆ ಕಾರಿನಿಂದಿಳಿಯುವ ಮೊದಲೇ ಕಾಣುವಂತೆ ಹೊಡೆಯತಕ್ಕದ್ದು. ಇದರಿಂದ ಕನ್ಯಾಪಿತೃಗಳಿಗಾಗುವ ಅನುಕೂಲವನ್ನು ಅಲ್ಲಗಳೆಯುವಂತಿಲ್ಲ.

8. ಯಾವುದೇ ಒಬ್ಬ ಕುಟುಂಬ ಮುಖ್ಯಸ್ಥರು ತಾವಾಗಿಯೇ ಮುಂದೆ ಬಂದು ತಮ್ಮ ಉತ್ತರ ಸುಳ್ಳೆಂದು ತಿಳಿಸಿದಲ್ಲಿ, ಅಭಿನವನ ಸಾಲನ್ನು ಸತ್ಯವೆಂದು ಅಂಗೀಕರಿಸಿ ಪ್ರಮಾಣಪತ್ರ ಬಿಡುಗಡೆ ಮಾಡಲಾಗುವುದು. ಹಿತ್ತಾಳೆ ಫಲಕವನ್ನು ಬಿಟ್ಟುಕೊಟ್ಟು ಹೀಗೆ ಯಾರೂ ಮುಂದೆ ಬರಲಾರರೆಂದು ಕಚೇರಿಯು ನಂಬಿದೆ.

ಈ ಸೂಚನೆಗಳನ್ನು ಪಾಲಿಸದವರನ್ನು ವರನೆಂದೇ ಭಾವಿಸಿ ಮುಂದಿನ ಕ್ರಮ ಜರುಗಿಸಲಾಗುವುದು.

(ಸಹಿ ಇದೆ, ಓದಲು ಬರುವುದಿಲ್ಲ)
ಪ್ರಭಾರ ಉಪನಿರ್ದೇಶಕರು
ಕ್ಷೇತ್ರ ನಿಯೋಜನೆ ಮತ್ತು ಫಲಕ ವಿತರಣೆ

ಪ್ರತಿಗಳು:

1. ಎಲ್ಲ ಕ್ಷೇತ್ರ ಮೇಲ್ವಿಚಾರಕರಿಗೆ, ಪ್ಯಾಂಟು ಧರಿಸಿ ಓದಿಕೊಳ್ಳುವ ಸೂಚನೆಯೊಂದಿಗೆ.

2. ಕಾನೂನು ಶಾಖೆಗೆ, ಅಂಶ 6ರ ಬಗ್ಗೆ ನೆನಪೋಲೆಯಾಗಿ.

3. ಶ್ರೀ ಅಭಿನವ್, ವಿದ್ಯಾರ್ಥಿ. ಇನ್ನೊಂದು ರಬ್ಬರ್ ಲಗತ್ತಿಸಿದೆ.

4. ಶ್ರೀಮತಿ ಪಂಕಜಾ, ಬಸವೇಶ್ವರನಗರ, ಫಲಕ ಸಹಿತ, ಮುದ್ದಾಂ.

(ನಾಲ್ಕನೆಯ ಪ್ರತಿಯನ್ನು ಒಯ್ದ ಜವಾನ ಅಂಜಿನಯ್ಯ ಅವರ ಷರಾ: ಅಮ್ಮನವರು ಕನ್ನಡಕ ತರಿಸಿಕೊಂಡು ಬಾಗಿಲಲ್ಲೇ ನಿಂತು ಪೂರ್ತಿ ಓದಿದರು. ಎಂಟನೆಯ ಅಂಶವನ್ನು ಎರಡು ಸಲ ಓದಿದರು. "ಆ ಹುಡುಗಂಗೆ ಒಂದು ವರ್ಷ ಹೋಗತ್ತಂತಾ?" ಎಂದರು. ಹೌದಮ್ಮ ಎಂದೆ. ಯಜಮಾನರು ಒಳಗಿನಿಂದ "ಪಂಕಜಾ, ಬೋರ್ಡ್ ಇಟ್ಕೊಳ್ಳೇ, ರಾಗಿಣಿಗೆ ಒಳ್ಳೇದು" ಎಂದರು. ಅಮ್ಮನವರು ಫಲಕವನ್ನು ಒಂದು ಸಲ ಸೆರಗಿನಿಂದ ಒರೆಸಿ ನೋಡಿದರು, ಹೊಳೆಯುತ್ತಿತ್ತು. ಆಮೇಲೆ ನನ್ನ ಕೈಗೇ ಕೊಟ್ಟು, "ನಂಗೆ ಹನ್ನೆರಡು ವರ್ಷದಿಂದ ಶುಗರ್ ಇದೆ, ಇವ್ರಿಗೂ ಇದೆ. ಬರ್ಕೊಳ್ಳಿ. ಬೋರ್ಡು ಬೇಡ" ಎಂದರು.)