ಬಂಗಾರದ ಮೀಸೆಯ ಮೀನು

ಅಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಖಾಲಿ ಗಾಜಿನ ತೊಟ್ಟಿ. ಅದೂ ಮನೆಯಲ್ಲಿದ್ದದ್ದಲ್ಲ, ಅಂಗೈಯಗಲದ ವಿಡಿಯೋ ಗೇಮಿನೊಳಗೆ ಇದ್ದದ್ದು.

ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ಗುಮಾಸ್ತನಾಗಿದ್ದ ಮಹಾಂತೇಶನ ಮಗಳು ಶಿವರಂಜನಿಗೆ ಅಮ್ಮ ಎದ್ದಿತ್ತು. ಮೈತುಂಬ ಗುಳ್ಳೆ, ಬಾಗಿಲಿಗೆ ಬೇವಿನ ಸೊಪ್ಪು, ಅಡುಗೆಮನೆಯಲ್ಲಿ ಒಗ್ಗರಣೆ ಬಂದ್. ಮಲಗಿ ಮಲಗಿ ಬೇಸತ್ತ ಮಗುವಿಗೆಂದು ಸೋದರಮಾವ ಮಲ್ಲಿಕ್ ತನ್ನ ರಿಪೇರಿ ಅಂಗಡಿಯಲ್ಲಿ ವಾರಸುದಾರನಿಗಾಗಿ ಕಾಯುತ್ತಿದ್ದ ಗೇಮೊಂದನ್ನು ತಂದುಕೊಟ್ಟಿದ್ದ. ಅದರೊಳಗೊಂದು ಊರು. ಅಲ್ಲಿ ಮನೆ ಕಟ್ಟಬಹುದು, ಗಿಡ ನೆಡಬಹುದು, ಹೊಳೆಯಲ್ಲಿ ಸಿಕ್ಕಿದ್ದನ್ನು ಹಿಡಿದು ಮ್ಯೂಸಿಯಮ್ಮಿಗೆ ಕೊಡಬಹುದು. ರಂಜನಿ ಆಮೆ, ಏಡಿ, ಹಾವುಮೀನು ಎಲ್ಲ ಕೊಟ್ಟಾಗಿತ್ತು. ಅಲ್ಲಿನ ಗಾಜಿನ ತೊಟ್ಟಿ ಸೇರದೆ ಉಳಿದದ್ದು ಬಂಗಾರದ ಮೀಸೆಯ ಮೀನೊಂದೇ. ಅದು ಆ ಊರಿನಲ್ಲಿ ಮಳೆ ಬಂದಾಗ ಮಾತ್ರ ಮೇಲೆ ಬರುತ್ತಿತ್ತು.

ಇವತ್ತು ಅಲ್ಲಿ ಮಳೆ. ರಂಜನಿಗೆ ಬೇವಿನ ನೀರು ಹಾಕಿ ಅಮ್ಮನನ್ನು ಕಳಿಸುವುದೂ ಇವತ್ತೇ. ಗೇಮಿನ ಯಜಮಾನ, ರಾಂಪುರದ ಯರ್ರಪ್ಪ, ಸಂಜೆ ಬಸ್ಸಿಗೆ ಬಂದು ಅದನ್ನು ಒಯ್ಯುವುದೂ ಇವತ್ತೇ.

"ಅಪ್ಪಾ, ಅವ್ವ ನಂಗೆ ನೀರು ಹಾಕೋದ್ರೊಳಗೆ ನೀನು ಹಿಡಿದಿಡು. ಆ ತೊಟ್ಟಿ ಖಾಲಿ ಬಿಟ್ಟು ಕೊಡಬ್ಯಾಡ," ಎಂದು ರಂಜನಿ ಅವನಿಂದ ಹೂಂ ಅನ್ನಿಸಿಕೊಂಡು, ಗೇಮನ್ನು ಅವನ ಕೈಗಿಟ್ಟು ಬಚ್ಚಲಿಗೆ ಹೋದಳು.

ಮಹಾಂತೇಶ್ ಲಿಂಗ ಕಟ್ಟಿದವನು. ಸಂತೆಯಲ್ಲಿ ಮೀನು ಮಾರುವ ಕಡೆ ಮೂಗು ಮುಚ್ಚಿಕೊಂಡು ದಾಟುವವನು. ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮಾಡಿದ್ದರೂ ಯಾವ ವಿಷಯವನ್ನೂ ಖಚಿತವಾಗಿ ಹೇಳುವ ಧೈರ್ಯ ಮಾತ್ರ ಬಂದಿರಲಿಲ್ಲ. ಇದು ಪಾಪವೇ? ಗುಂಡಿ ಒತ್ತಿದೊಡನೆ ಪಾಪವೇ, ಅಥವಾ ಮೀನು ಗಾಳ ಕಚ್ಚಿದ ಮೇಲೆಯೇ? ಕೊನೆಗೆ ಕೊರಳಿನ ಲಿಂಗದ ಕರಡಿಗೆಯನ್ನು ಬೆನ್ನಿನ ಕಡೆಗೆ ಸರಿಸಿ, "ನೀನು ನೋಡಬ್ಯಾಡಪ್ಪ ಶಿವನೇ," ಎಂದು ಗಾಳ ಎಸೆದ.

ಮೊದಲು ಹಳೇ ಬೂಟು ಬಂತು. ಆಮೇಲೆ ಖಾಲಿ ಡಬ್ಬಿ. ಅದಾದ ಮೇಲೆ ಒಂದು ಪುಟ್ಟ ಮೀನು ಸಿಕ್ಕಿದಾಗ, ಕಿಟಕಿ ತೆರೆದಿದೆಯೆಂಬುದನ್ನೇ ಮರೆತು ಕೂಗಿಬಿಟ್ಟ: "ಬಿತ್ತು! ಮೀನು ಬಿತ್ತು ಕಣೇ ಗೌರೀ!"

ಹೆಂಡತಿ ಮಂಗಳಗೌರಿಗೆ ಬಚ್ಚಲಿನಲ್ಲಿ ಅದು ಕೇಳಿಸಲಿಲ್ಲ. ಪಕ್ಕದ ಮನೆಯ ಕಟ್ಟೆಯ ಮೇಲೆ ಸೊಪ್ಪು ಬಿಡಿಸುತ್ತಿದ್ದ ದುರುಗಕ್ಕನಿಗೆ ಕೇಳಿಸಿತು. ಮೀನೆಂದರೆ ಪ್ರಾಣ ಬಿಡುವ ದುರುಗಕ್ಕ, ಪಕ್ಕದಲ್ಲಿ ಅಮ್ಮ ಇದ್ದಾಳೆಂದು ಇಷ್ಟು ದಿನ ಅದರ ಹೆಸರೆತ್ತಿರಲಿಲ್ಲ.

"ನಾನು ಬಾಯಿ ಕಟ್ಟಿ ಕುಂತಿದೀನಿ, ಲಿಂಗ ಕಟ್ಟಿದೋರ ಮನೇಲಿ ಮೀನಾ?" ಎಂದು ಎದ್ದವಳು, ಬೀದಿಗೇ ಹಿರಿಯಳಾದ ತಿಪ್ಪೇರುದ್ರಮ್ಮನನ್ನು ಕರೆದುಕೊಂಡೇ ಬಂದಳು. ಹಿಂದೆ ಅರ್ಧ ಬೀದಿ.

ತಿಪ್ಪೇರುದ್ರಮ್ಮ ಊರುಗೋಲು ಕುಟ್ಟುತ್ತ ಸೀದಾ ಅಡುಗೆಮನೆಗೆ ಹೋಗಿ ಒಂದೊಂದೇ ಪಾತ್ರೆ ಮೂಸಿದಳು. "ಎಲ್ಲೈತೋ ಮೀನು?"

"ಇದ್ರಾಗೆ, ಅಜ್ಜಿ. ನಿಜವಾದ್ದಲ್ಲ." ಮಹಾಂತೇಶ್ ಪರದೆ ತೋರಿಸಿದ.

"ಒದ್ದಾಡ್ತೈತಲ್ಲೋ!"

"ಒದ್ದಾಡ್ತೈತೆ, ಆದ್ರೆ ಜೀವ ಇಲ್ಲ."

"ಜೀವ ಇಲ್ದಿದ್ರೆ ಹೆಂಗೋ ಒದ್ದಾಡ್ತೈತೆ? ಬಿ.ಕಾಂ. ಓದೀಯಲ್ಲ, ಹೇಳು."

ಮಹಾಂತೇಶನಿಗೂ ಅನುಮಾನ ಬಂತು. ಬಿ.ಕಾಂ.ನಲ್ಲಿ ಇದನ್ನು ಹೇಳಿಕೊಟ್ಟಿರಲಿಲ್ಲ.

ಅಷ್ಟರಲ್ಲಿ ಪರದೆಯ ಹೊಳೆಯಲ್ಲಿ ಕಡಲೆಕಾಯಿ ಮೂಟೆಯಂಥ ನೆರಳೊಂದು ತೇಲಿಬಂತು. ಎಲ್ಲರೂ ಪರದೆಯ ಮೇಲೆ ಬಗ್ಗಿದರು.

"ಅದೇ ಕಣ್ರೀ, ದೊಡ್ಡದು! ಎಸೀರಿ!" ದುರುಗಕ್ಕ ಪಿಸುಗುಟ್ಟಿದಳು. "ಅಯ್ಯೋ, ಈಗ್ಲೇ ಎಳೀಬ್ಯಾಡ್ರಿ, ಪೂರಾ ನುಂಗ್ಲಿ!"

ತಿಪ್ಪೇರುದ್ರಮ್ಮ ಊರುಗೋಲಿನಿಂದ ಅವನ ಬೆನ್ನು ತಿವಿದಳು. "ಈಗ ಎಳಿಯೋ, ಮೊದ್ದೇ!"

ಮಹಾಂತೇಶ್ ಎಳೆದ. ಬಂಗಾರದ ಮೀಸೆ ಮಿರಿಮಿರಿ ಮಿಂಚುತ್ತ ಮೀನು ಮೇಲೆ ಬಂತು. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ತಿಪ್ಪೇರುದ್ರಮ್ಮ. ಆಮೇಲೆ ತಾನು ಯಾಕೆ ಬಂದೆನೆಂಬುದು ನೆನಪಾಗಿ ಕೈ ಇಳಿಸಿದಳು. "ಸರಿ, ಇನ್ನ ಬಿಟ್ಟುಬಿಡು. ಅಮ್ಮ ಇರೋ ಮನೆ."

ಇಟ್ಟುಕೊಳ್ಳುವುದೋ, ಬಿಡುವುದೋ ಎಂದು ಪರದೆಯೂ ಅದನ್ನೇ ಕೇಳುತ್ತಿತ್ತು. ಹಿರಿಯರ ಮಾತಿಗೆ ಹುಟ್ಟಿದಾಗಿನಿಂದ ಎದುರಾಡದ ಮಹಾಂತೇಶನ ಹೆಬ್ಬೆರಳು ಬೆವರಿತು.

"ಬಿಡಲ್ಲ ಅಜ್ಜಿ. ಮಗೂಗೆ ಮಾತು ಕೊಟ್ಟೀನಿ," ಎಂದ. ದನಿ ಅವನಿಗೇ ಸರಿಯಾಗಿ ಕೇಳಿಸಲಿಲ್ಲ.

ರಂಜನಿ ಟವೆಲ್ ಸುತ್ತಿಕೊಂಡು, ಬೇವಿನ ವಾಸನೆ ಬೀರುತ್ತ ಬಂದಳು. ಗೇಮನ್ನು ಕೈಗೆ ತೆಗೆದುಕೊಂಡು ನೋಡಿದಳು, ನೋಡುತ್ತಲೇ ಇದ್ದಳು. "ಎಷ್ಟು ಚೆಂದ ಐತಪ್ಪಾ!" ಎಂದಳು. ಆಮೇಲೆ ಸುತ್ತ ನಿಂತವರನ್ನೂ ಅಪ್ಪನ ಬೆವರಿದ ಮುಖವನ್ನೂ ಕಂಡು ಸ್ವಲ್ಪ ಯೋಚಿಸಿದಳು. "ಅಮ್ಮ ಇವತ್ತು ನನ್ನ ಬಿಟ್ಟು ಹೋದ್ಲಲ್ಲ. ನಾನೂ ಇದನ್ನ ಬಿಡ್ತೀನಿ."

ಗುಂಡಿ ಒತ್ತಿದಳು. ಮೀನು ಚುಳುಕ್ಕನೆ ನೀರಿಗೆ ಹಾರಿತು. ದುರುಗಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ತಿಪ್ಪೇರುದ್ರಮ್ಮ ಮಗುವಿನ ದೃಷ್ಟಿ ತೆಗೆದು ನೆಟಿಗೆ ಮುರಿದಳು.

ಮಹಾಂತೇಶ್ ನಿಟ್ಟುಸಿರು ಬಿಟ್ಟು ಕರಡಿಗೆಯನ್ನು ಎದೆಗೆ ಎಳೆದುಕೊಂಡ. ಕತ್ತು ತುರಿಸಿತು. ಮತ್ತೆ ತುರಿಸಿತು. ಮಂಗಳಗೌರಿ ಅಂಗಿಯ ಕಾಲರ್ ಸರಿಸಿ ನೋಡಿದಳು. "ಅಯ್ಯೋ ಶಿವನೇ! ನಿಮಗೂ ಎದ್ದೈತಲ್ರೀ!"

"ಮೀನಿನ ಶಾಪ," ಎಂದು ದುರುಗಕ್ಕ ತೀರ್ಪು ಕೊಟ್ಟು, ಹೊಸ ಬೇವಿನ ಸೊಪ್ಪು ತರಲು ಓಡಿದಳು.

ಸಂಜೆ ಯರ್ರಪ್ಪ ಮಲ್ಲಿಕನ ಅಂಗಡಿಯಲ್ಲಿ ದಾರಿ ಕೇಳಿಕೊಂಡು ಬಂದ. ಮಂಗಳಗೌರಿ ಗೇಮನ್ನು ಒರೆಸಿ ಮುಂದೆ ಹಿಡಿದಳು. ಬಾಗಿಲಿನ ಹಸಿ ಬೇವು ನೋಡಿದವನೇ ಯರ್ರಪ್ಪ ಹಾವು ತುಳಿದವನಂತೆ ಹಿಂದಕ್ಕೆ ಹಾರಿದ.

"ವದ್ದಮ್ಮಾ, ವದ್ದು, ಬ್ಯಾಡ! ಅಮ್ಮ ಇರೋ ಮನೆ ಸಾಮಾನು ಒಯ್ಯಬಾರ್ದು. ಆಕೆ ಹೋಗೋವರ್ಗೂ ನಿಮ್ಮನೇಲೇ ಇರ್ಲಿ. ಆಮ್ಯಾಲೆ ಬರ್ತೀನಿ!"

ಒಳಗೆ ಚಾಪೆಯ ಮೇಲೆ ಮಲಗಿದ್ದ ಮಹಾಂತೇಶನಿಗೆ ಎಲ್ಲವೂ ಕೇಳಿಸಿತು. ರಂಜನಿ ಅವನ ತಲೆದೆಸೆಯಲ್ಲಿ ಕುಳಿತು, ಒಂದು ಕೈಯಲ್ಲಿ ಬೇವಿನ ಎಸಳು ಆಡಿಸುತ್ತ, ಇನ್ನೊಂದು ಕೈಯಲ್ಲಿ ಗೇಮು ತೆರೆದಳು. "ಕೆರ್ಕೋಬ್ಯಾಡ ಅಪ್ಪಾ. ಮಲ್ಕೋ. ಮಳೆ ಬಂದ್ರೆ ಎಬ್ಬಿಸ್ತೀನಿ."

ಕಿಟಕಿಯಾಚೆ ಊರುಗೋಲಿನ ಸದ್ದಾಯಿತು.

"ರಂಜನೀ," ತಿಪ್ಪೇರುದ್ರಮ್ಮನ ದನಿ ತಗ್ಗಿತ್ತು, "ಅಲ್ಲಿ ಮಳೆ ಬಂದ್ರೆ ನನ್ನೂ ಕೂಗೇ. ಹಿಡಿದು ಬಿಟ್ರೆ ಅಮ್ಮನೇನೂ ಅನ್ನಲ್ಲ."

ಮಹಾಂತೇಶ್ ನರಳುತ್ತ ಮಗ್ಗುಲಾಗಿ, ಕರಡಿಗೆಯನ್ನು ಮತ್ತೆ ಬೆನ್ನಿನ ಕಡೆಗೆ ಸರಿಸಿಕೊಂಡ.