ಕತ್ತಲ ಕೋಣೆಯ ದಾನಿ

ಹಿಟ್ಟಿನ ಮಡಕೆಗೆ ಕೈ ಹಾಕಿದ ಶೆಲೊಮಿತಳಿಗೆ ಸಿಕ್ಕಿದ್ದು ಮಡಕೆಯ ತಳ.

"ಸಂಜೆಗೆ ಸಬ್ಬತ್, ವಿಶ್ರಾಂತಿಯ ದಿನ; ಆಮೇಲೆ ಒಲೆ ಹಚ್ಚೋ ಹಾಗಿಲ್ಲ. ರೊಟ್ಟಿಗೆ ಹಿಡಿ ಹಿಟ್ಟಿಲ್ಲ. ಈಗಲಾದ್ರೂ ಆ ಕೋಣೆಗೆ ಹೋಗಿ ಬರ್ತೀರೋ ಇಲ್ವೋ?" ಎಂದು ಗಂಡ ಹಿಲ್ಕೀಯನನ್ನು ಕೇಳಿದಳು.

ಸಿಪ್ಪೋರಿ ಊರಿನ ಪ್ರಾರ್ಥನೆಯ ಸಭಾಮಂದಿರದ ಹಿಂದೊಂದು ಕತ್ತಲ ಕೋಣೆ. ಉಳ್ಳವರು ಗುಟ್ಟಾಗಿ ಹೋಗಿ ದಾನದ ಹಣ ಇಟ್ಟು ಬರುವರು, ಇಲ್ಲದವರು ಗುಟ್ಟಾಗಿ ಹೋಗಿ ಎತ್ತಿಕೊಂಡು ಬರುವರು. ಯಾಕೆ ಬಂದೆ ಎಂದು ಯಾರೂ ಕೇಳುವಂತಿಲ್ಲ. ಹಿಲ್ಕೀಯನ ಅಪ್ಪ ಎಣ್ಣೆ ವ್ಯಾಪಾರದಲ್ಲಿ ಮೆರೆದವನು. ಮಗನಿಗೆ ಉಳಿದಿದ್ದು ಆ ಹೆಸರೊಂದೇ. ಅದೂ ಹೋದರೆ ಬೀದಿಯಲ್ಲಿ ತಲೆಯೆತ್ತುವುದು ಹೇಗೆ ಎಂಬ ಚಿಂತೆ, ಪಾಪ, ಅವನಿಗೆ.

ಅಂತೂ ಹೋದ. ತಡಕಾಡಿದ ಕೈಗೆ ಬೆಳ್ಳಿ ನಾಣ್ಯವೊಂದು ಸಿಕ್ಕಿತು. ಕಣ್ಣು ತುಂಬಿ ಬಂತು. ಹೊರಗೆ ಕಾಲಿಟ್ಟರೆ ಎದುರಿಗೇ ನೆರೆಮನೆಯ ಬಬತಜ್ಜಿ!

"ಅಯ್ಯೋ ನನ್ನಪ್ಪಾ, ಗುಟ್ಟಾಗಿ ದಾನ ಮಾಡಿ ಬರ್ತಿದ್ದೀಯಾ? ಅಪ್ಪನಿಗೆ ತಕ್ಕ ಮಗ ಕಣೋ ನೀನು!"

"ಮೆಲ್ಲಗೆ ಅಜ್ಜಿ..."

"ಯಾಕೋ ಮೆಲ್ಲಗೆ? ಏ ಜಬ್ದಿ, ಬಾರೋ ಇಲ್ಲಿ!"

ಬಟ್ಟೆಗೆ ಬಣ್ಣ ಹಾಕುವ ಜಬ್ದಿ ನೀಲಿ ಕೈ ಒರೆಸುತ್ತ ಓಡಿಬಂದ. "ನಂಗೆ ಮೊದಲೇ ಅನುಮಾನ ಇತ್ತು ಹಿಲ್ಕೀಯಣ್ಣ. ಹರಕು ಅಂಗಿ ಹಾಕ್ಕೊಂಡು ಎಷ್ಟು ಚೆನ್ನಾಗಿ ಮುಚ್ಚಿಟ್ಟಿದ್ದೆ!"

ಅಲ್ಲ ಎಂದರೆ ಮಾನ ಹೋಗುತ್ತದೆ, ಹೌದು ಎಂದರೆ ಸುಳ್ಳಾಗುತ್ತದೆ. ಹಿಲ್ಕೀಯ ಬರಿದೆ ಕೆಮ್ಮಿದ. ಎಂಥ ವಿನಯ ಎಂದು ಸೇರಿದ ಜನ ಹೊಗಳಿದರು. ಅಷ್ಟರಲ್ಲಿ ಸಭಾಮಂದಿರದ ಹಿರಿಯ ಶೆಮಾಯ ದಾನದ ಬುಟ್ಟಿ ಹಿಡಿದು ಬಂದೇಬಿಟ್ಟ. ಬೀದಿಗೆ ಬೀದಿಯೇ ಹಿಲ್ಕೀಯನ ಕೈಯನ್ನು ನೋಡುತ್ತ ನಿಂತಿತು. ಕರುಳು ಕಿತ್ತು ಕೊಟ್ಟಂತೆ ಆ ನಾಣ್ಯವನ್ನು ಬುಟ್ಟಿಗೆ ಹಾಕಿದ.

ಮನೆಯಲ್ಲಿ ಶೆಲೊಮಿತ್ ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ. ಮಧ್ಯಾಹ್ನ ಊರೆಲ್ಲ ಸಬ್ಬತ್ತಿನ ಸ್ನಾನಕ್ಕೆ ಹೋದ ಹೊತ್ತಿಗೆ ಅವನನ್ನು ಮತ್ತೆ ಅಟ್ಟಿದಳು.

ಕತ್ತಲಲ್ಲಿ ತಡಕಾಡಿದ. ಈ ಸಲ ಸಿಕ್ಕಿದ್ದು ಇನ್ನೊಂದು ಕೈ!

"ಯಾರದು?"

"ನಾನಪ್ಪ, ಬಬತಜ್ಜಿ. ಕೊಡೋಕೆ ಬಂದಿದ್ದೆ."

"ನಾನೂ ಅಷ್ಟೆ, ಕೊಡೋಕೇ," ಎಂದಿತು ಮೂಲೆಯಿಂದ ಜಬ್ದಿಯ ದನಿ.

ಬಾಗಿಲು ತೆರೆಯಿತು. ಬೆಳಕಿನಲ್ಲಿ ಬುಟ್ಟಿ ಹಿಡಿದ ಶೆಮಾಯ. "ಆಹಾ, ಒಟ್ಟಿಗೇ ಮೂವರು ದಾನಿಗಳು! ನಮ್ಮೂರಲ್ಲಿ ಬಡವರೇ ಇಲ್ಲ ಅಂದ ಹಾಗಾಯ್ತು. ಈ ಬುಟ್ಟೀನ ತಿಬೇರಿಯ ಊರಿನ ಬಡವರಿಗೆ ಕಳಿಸಿಬಿಡ್ತೀನಿ," ಎಂದು ತಿರುಗಿದ.

"ನಿಲ್ಲಿ ಯಜಮಾನರೇ!" ಹಿಲ್ಕೀಯ ಕೂಗಿದ. "ನನ್ನ ಮನೇಲಿ ಹಿಟ್ಟಿಲ್ಲ!"



"ನನ್ನ ಮನೇಲೂ ಇಲ್ಲ," ಎಂದಳು ಬಬತಜ್ಜಿ. "ಬೆಳಿಗ್ಗೆ ಬಂದಿದ್ದೂ ಅದಕ್ಕೇ ಕಣಪ್ಪ." ಜಬ್ದಿ ನೀಲಿ ಕೈಯನ್ನು ಸುಮ್ಮನೆ ಮುಂದೆ ಚಾಚಿದ.

ಶೆಮಾಯ ಬುಟ್ಟಿಯನ್ನು ಬೋರಲು ಹಾಕಿದ. ಉರುಳಿದ್ದು ಒಂದೇ ನಾಣ್ಯ, ಹಿಲ್ಕೀಯನದು.

ಅದರಿಂದ ಕೊಂಡ ಹಿಟ್ಟಿನಲ್ಲಿ, ಹೊತ್ತು ಮುಳುಗುವ ಮೊದಲೇ, ಒಂದೇ ಒಲೆಯಲ್ಲಿ ಮೂರು ಮನೆಯ ರೊಟ್ಟಿ ಬೆಂದಿತು. ನಗು ಬೀದಿಯ ತುದಿಗೂ ಕೇಳಿಸುತ್ತಿತ್ತು. ಹಿಲ್ಕೀಯನ ಪಾಲಿಗೆ ಬಂದ ರೊಟ್ಟಿ ಮಾತ್ರ ಎಲ್ಲಕ್ಕಿಂತ ಚಿಕ್ಕದು.

"ನೀನು ಊರಿಗೊಬ್ಬ ದಾನಿ," ಎಂದಳು ಬಬತಜ್ಜಿ, "ನಿಂಗೆ ದೊಡ್ಡದು ಕೊಟ್ರೆ ಜನ ಏನಂದಾರು?"